ಇಬ್ಬರು, ಎರಡು ಬ್ಯಾಗು, ಹನೋಯ್‌ನಲ್ಲಿ ನಾಲ್ಕು ದಿನ

ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೋದ ಜೋಡಿಗಳ ದುಡ್ಡು ಪೋಲಾಗುವುದು, ಮುಖ ಊದಿಸಿಕೊಂಡು ಕೂರುವುದು ಹೆಚ್ಚಾಗಿ ಮೊದಲ ಮೂರು ಗಂಟೆಯಲ್ಲೇ. ಇಮಿಗ್ರೇಷನ್ ಸಾಲು, ಟ್ಯಾಕ್ಸಿ, ರೂಮು, ಈ ಮೂರು ದಾಟಿದರೆ ಊರು ಸಲೀಸು. ಹಾಗಾಗಿ ಇಲ್ಲಿ ಅವಕ್ಕೇ ಹೆಚ್ಚು ಜಾಗ.

ಭಾರತೀಯರಿಗೆ ಮೊದಲೇ ಇ-ವೀಸಾ ಬೇಕು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ದಂಪತಿಗೆ ಒಟ್ಟಿಗೆ ಒಂದು ಅರ್ಜಿ ಅಂತಿಲ್ಲ, ಇಬ್ಬರದೂ ಬೇರೆ ಬೇರೆ. ಗೂಗಲ್‌ನಲ್ಲಿ ಮೊದಲು ಕಾಣುವ ತಾಣಗಳು ಬಹುಪಾಲು ಏಜೆಂಟರವು, ನೋಡಲು ಸರ್ಕಾರಿ ತಾಣದಂತೆಯೇ ಇರುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇಲ್ಲದಿದ್ದರೆ ಹಿಂದೆ ಬನ್ನಿ. ಅರ್ಜಿ ತಪ್ಪಾದರೆ ಕಟ್ಟಿದ ಹಣ ವಾಪಸು ಬರುವುದಿಲ್ಲ.

ನಮ್ಮ ಕಡೆಯವರು ಎಡವುವುದು ಹೆಸರಿನ ಕಾಲಂನಲ್ಲಿ. ಸರ್‌ನೇಮ್ ಖಾಲಿ ಇರುವ, ಇನಿಷಿಯಲ್ ಬಿಡಿಸಿ ಬರೆದಿರುವ ಪಾಸ್‌ಪೋರ್ಟ್ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳ ನಡುವೆ ಹೆಸರು ಯಾವ ಕ್ರಮದಲ್ಲಿ, ಯಾವ ಕಾಗುಣಿತದಲ್ಲಿ ಇದೆಯೋ ಹಾಗೇ ಇಳಿಸಿ. ವಿಮಾನದ ಟಿಕೆಟ್ಟೂ ಅದೇ ಥರ. ವೀಸಾ ಶುರುವಾಗುವ ತಾರೀಕನ್ನು ಇಳಿಯುವ ದಿನಕ್ಕಿಂತ ಒಂದು ದಿನ ಹಿಂದೆ ಹಾಕಿ. ಆ ತಾರೀಕಿಗೆ ಮೊದಲು ಒಳಗೆ ಬಿಡುವುದಿಲ್ಲ, ನಂತರ ಬಂದರೆ ತಕರಾರಿಲ್ಲ. ಎರಡು ವಾರ ಮೊದಲೇ ಅರ್ಜಿ ಹಾಕಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ತೆತ್ ಎಂಬ ಅವರ ಹೊಸ ವರ್ಷದ ಹಬ್ಬದ ಹೊತ್ತಿಗೆ ಕಚೇರಿಗಳೂ ಮುಚ್ಚಿರುತ್ತವೆ, ಊಟದ ಹೋಟೆಲುಗಳೂ ಬಹುಪಾಲು ಮುಚ್ಚಿರುತ್ತವೆ. ಆ ವಾರ ಹೋಗದಿದ್ದರೇ ಒಳ್ಳೆಯದು. ವೀಸಾದ ಎರಡೆರಡು ಪ್ರಿಂಟ್ ಇರಲಿ.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಜವಾದ ಚಳಿ, ಎಷ್ಟೋ ದಿನ 12-15 ಡಿಗ್ರಿ, ಜೊತೆಗೆ ಜಿಟಿಜಿಟಿ. ಥಾಯ್ಲೆಂಡಿನ ಲೆಕ್ಕದಲ್ಲಿ ಬರೀ ಟೀ ಶರ್ಟ್ ತಂದವರು ನಡುಗುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಅಲ್ಲಿನವರು 'ನೋಮ್' ಅನ್ನುವ ತೇವದ ಕಾಲವೊಂದಿದೆ. ಗೋಡೆ, ನೆಲ ಬೆವರುತ್ತವೆ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಆಗ ಒಗೆತವನ್ನು ಕಿಲೋ ಲೆಕ್ಕದ ಲಾಂಡ್ರಿಗೆ ಕೊಡಿ.

ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ತಲೆಗೆ 7 ಕಿಲೋ. ಇಬ್ಬರದೂ ಸೇರಿ 14 ಎಂದು ವಾದಿಸಿದರೆ ನಡೆಯುವುದಿಲ್ಲ, ಒಂದೊಂದನ್ನೇ ತೂಗುತ್ತಾರೆ. ಚಾರ್ಜರ್, ಔಷಧಿ, ಪೇಸ್ಟು, ಬೀಗ ಇಬ್ಬರಿಗೂ ಒಂದೇ ಸೆಟ್ ಸಾಕು. ಆದರೆ ದುಡ್ಡು ಮತ್ತು ಕಾರ್ಡು ಮಾತ್ರ ಒಂದೇ ಕಡೆ ಇಡಬೇಡಿ. ತೆಳು ಎರಡು ಪಿನ್ನಿನ ಫೋನ್ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಹಿಡಿಸುತ್ತದೆ, ನಮ್ಮ ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಇನ್ನು ದುಡ್ಡು. ರೂಪಾಯಿ ಬದಲಾಯಿಸುವ ಆಸೆ ಬಿಟ್ಟು ಡಾಲರ್ ಒಯ್ಯಿರಿ. ಮಡಿಕೆ, ಮಸಿ ಇಲ್ಲದ 100ರ ನೋಟುಗಳೇ ಆಗಲಿ, ಗೀಚಿದ ನೋಟನ್ನು ಬ್ಯಾಂಕಿನವರೂ ಬೇಡ ಅನ್ನುತ್ತಾರೆ. ಎಟಿಎಂ ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ. ಇಲ್ಲದಿದ್ದರೆ ಅಲ್ಲಿ ಹೋದ ಮೇಲೆ ಒಟಿಪಿ ಬಾರದೆ ಪರದಾಡುತ್ತೀರಿ. ಅಲ್ಲಿನ ದುಡ್ಡು ಡಾಂಗ್. ಲೆಕ್ಕ ಹೀಗೆ: ಡಾಂಗ್‌ನ ಕೊನೆಯ ಮೂರು ಸೊನ್ನೆ ತೆಗೆದು ಸುಮಾರು ಮೂರೂವರೆಯಿಂದ ಗುಣಿಸಿದರೆ ರೂಪಾಯಿ. 50,000 ಡಾಂಗ್ ಅಂದರೆ 175 ರೂಪಾಯಿ ಆಸುಪಾಸು. ಮೆನುವಿನಲ್ಲಿ '50ಕೆ' ಎಂದಿದ್ದರೆ ಅದೇ.

20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಮಬ್ಬು ಬೆಳಕಿನಲ್ಲಿ ಕಾಫಿಗೆಂದು ದೊಡ್ಡದನ್ನು ಕೊಟ್ಟರೆ 1,700 ರೂಪಾಯಿಗೂ ಮಿಕ್ಕಿ ಹೋಯಿತು. 5 ಲಕ್ಷದ್ದನ್ನು ಬೇರೆ ಜೇಬಿನಲ್ಲಿಡಿ. ಕೊಡುವಾಗ ಒಬ್ಬರು ಎಣಿಸಿ, ಇನ್ನೊಬ್ಬರು ನೋಡಿ. ಇಬ್ಬರಿರುವುದರ ಲಾಭ ಇದೇ ತಾನೇ.

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಹಳೇ ಪೇಟೆಗೆ ಹಗಲಿನಲ್ಲಾದರೆ 86ನೇ ನಂಬರಿನ ಬಸ್ಸು. ಟಿಕೆಟ್ ಸುಮಾರು 45,000 ಡಾಂಗ್, ಒಂದು ಗಂಟೆ ಹಿಡಿಯುತ್ತದೆ, ಬ್ಯಾಗಿಗೆ ಜಾಗವಿದೆ, ಲೋಂಗ್ ಬಿಯೆನ್ ಬಸ್ ನಿಲ್ದಾಣದ ಮೂಲಕ ಹನೋಯ್ ರೈಲು ನಿಲ್ದಾಣದವರೆಗೆ ಹೋಗುತ್ತದೆ. 17ನೇ ನಂಬರು ಇನ್ನೂ ಅಗ್ಗ, ಆದರೆ ನಿಂತು ನಿಂತು ಹೋಗುತ್ತದೆ. ನಡುರಾತ್ರಿ ಇಳಿದರೆ ಬಸ್ಸಿಲ್ಲ. ಊಬರ್‌ನಂತೆ ಕಾರು, ಬೈಕ್ ಕರೆಸುವ ಗ್ರ್ಯಾಬ್ ಆ್ಯಪನ್ನು ಭಾರತದಲ್ಲಿದ್ದಾಗಲೇ ಹಾಕಿಕೊಂಡು, ನಂಬರ್ ದೃಢಪಡಿಸಿಕೊಂಡಿರಿ. ಬಾಗಿಲಲ್ಲಿ 'ಟ್ಯಾಕ್ಸಿ, ಟ್ಯಾಕ್ಸಿ' ಎಂದು ಬ್ಯಾಗಿಗೆ ಕೈ ಹಾಕುವವರ ಜೊತೆ ಚೌಕಾಸಿಗೇ ಇಳಿಯಬೇಡಿ. ಊರೊಳಗೆ ಗ್ರ್ಯಾಬ್ ಬೈಕ್ ಅಗ್ಗ ಅನ್ನಿಸಿದರೂ ಒಂದು ಬೈಕಿಗೆ ಒಬ್ಬರೇ. ಇಬ್ಬರಿಗೆ ಎರಡು ಬೈಕ್ ಕರೆಯುವುದಕ್ಕೂ ಒಂದು ಕಾರಿಗೂ ಹೆಚ್ಚಿನ ವ್ಯತ್ಯಾಸ ಬೀಳುವುದಿಲ್ಲ.

ಹಳೇ ಪೇಟೆಯ ಮನೆಗಳು ಕೊಳವೆಯ ಹಾಗೆ: ಮುಂಭಾಗ ಮೂರ್ನಾಲ್ಕು ಮೀಟರ್, ಒಳಗೆ ಹೋದಷ್ಟೂ ಉದ್ದ. ಅಗ್ಗದ ರೂಮುಗಳಿಗೆ ಎಷ್ಟೋ ಸಲ ಕಿಟಕಿಯೇ ಇರುವುದಿಲ್ಲ. ಫೋಟೋದಲ್ಲಿ ಪರದೆ ಕಂಡರೆ ಅದರ ಹಿಂದೆ ಗೋಡೆಯೂ ಇರಬಹುದು! ಬುಕ್ ಮಾಡುವ ಮೊದಲು ಕೇಳಬೇಕಾದ್ದು ಮೂರು: ಕಿಟಕಿ ಇದೆಯೇ, ಲಿಫ್ಟ್ ಇದೆಯೇ, ಇಲ್ಲದಿದ್ದರೆ ಎಷ್ಟನೇ ಮಹಡಿ. ಡಾರ್ಮಿಟರಿಯಲ್ಲಿ ಎರಡು ಹಾಸಿಗೆಯ ಬೆಲೆಗೆ ಒಂದಿಷ್ಟು ಸೇರಿಸಿದರೆ ಸಾಮಾನ್ಯವಾಗಿ ಪ್ರತ್ಯೇಕ ರೂಮೇ ಸಿಗುತ್ತದೆ, ಹೋಲಿಸಿ ನೋಡಿ. ನೋಂದಣಿಗೆ ಇಬ್ಬರ ಪಾಸ್‌ಪೋರ್ಟನ್ನೂ ಪಡೆಯುತ್ತಾರೆ. ವಿವರ ಬರೆದುಕೊಂಡ ಮೇಲೆ ಕೇಳಿ ವಾಪಸು ತೆಗೆದುಕೊಳ್ಳಿ.

ರಸ್ತೆ ದಾಟುವುದಕ್ಕೆ ಒಂದು ಕ್ರಮವಿದೆ. ಬೈಕುಗಳು ನಿಲ್ಲುವುದಿಲ್ಲ, ನಿಮ್ಮ ನಡಿಗೆಯ ವೇಗ ನೋಡಿ ಪಕ್ಕಕ್ಕೆ ಹಾಯುತ್ತವೆ. ಒಂದೇ ಗತಿಯಲ್ಲಿ ನಿಧಾನ ನಡೆಯಿರಿ. ಓಡಬೇಡಿ, ಹಿಂದೆ ಹೆಜ್ಜೆ ಇಡಲೇಬೇಡಿ. ಒಬ್ಬರು ಓಡಿ, ಒಬ್ಬರು ನಡುವೆ ನಿಂತರೆ ಸವಾರನ ಲೆಕ್ಕ ತಪ್ಪುತ್ತದೆ. ಹೆಗಲಿಗೆ ಹೆಗಲು ಕೊಟ್ಟು ಒಟ್ಟಿಗೆ ಇಳಿಯಿರಿ. ಕಾರು, ಬಸ್ಸು ಮಾತ್ರ ಹಾಯುವುದಿಲ್ಲ, ಅವು ಹೋಗಲಿ. ಬೈಕ್ ಬಾಡಿಗೆಗೆ ಕೊಡುವವರು ಲೈಸೆನ್ಸ್ ಕೇಳದಿದ್ದರೂ ಮರುಳಾಗಬೇಡಿ. ವಿಯೆಟ್ನಾಂ ಒಪ್ಪುವುದು 1968ರ ರಸ್ತೆ ಸಂಚಾರ ಒಪ್ಪಂದದ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್, ಭಾರತದ ಆರ್‌ಟಿಒ ಕೊಡುವುದು 1949ರದ್ದು. ಬಿದ್ದರೆ ವಿಮೆ ಕಂಪನಿ ಕೈತೊಳೆದುಕೊಳ್ಳಬಹುದು.

ಸಸ್ಯಾಹಾರಿಗಳಿಗೆ ಬೇಕಾದ ಪದ 'ಚಾಯ್'. 'ಕೋಮ್ ಚಾಯ್' ಎಂದು ಬೋರ್ಡಿದ್ದರೆ ಬೌದ್ಧ ಪದ್ಧತಿಯ ಸಸ್ಯಾಹಾರದ ಊಟ. ಅದರಲ್ಲಿ ಬಾತುಕೋಳಿ, ಮೀನಿನಂತೆ ಕಾಣುವುದೂ ಸೋಯಾ ಅಥವಾ ಹಿಟ್ಟಿನದು, ಗಾಬರಿ ಬೇಡ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ ಚಾಯ್ ಅಡುಗೆ ಎಲ್ಲೆಡೆ ಸಿಗುತ್ತದೆ. ಮಾಮೂಲಿ ಅಂಗಡಿಯಲ್ಲಿ 'ಮಾಂಸ ಬೇಡ' ಅಂದರೆ ಸಾಲದು. ತುಂಡು ತೆಗೆದು ಅದೇ ಎಲುಬಿನ ಸಾರು ಬಡಿಸುತ್ತಾರೆ, ಮೇಲೆ ನ್ಯೋಕ್ ಮಾಮ್ ಎಂಬ ಮೀನಿನ ಸಾಸ್. ಈ ಎರಡೂ ಬೇಡವೆಂದು ರೂಮಿನ ರಿಸೆಪ್ಷನ್‌ನಲ್ಲಿ ವಿಯೆಟ್ನಾಮೀಸ್‌ನಲ್ಲಿ ಬರೆಸಿಕೊಂಡು ಫೋನಿನಲ್ಲಿಟ್ಟುಕೊಳ್ಳಿ. ಕರಿದ ತೋಫು ತರಿಸಿದರೆ ಅದ್ದಿಕೊಳ್ಳಲು ಸಿಗಡಿಯ ಗೊಜ್ಜು ಬರುತ್ತದೆ, ಬದಲಿಗೆ 'ಸೀ ಜೌ' ಅಂದರೆ ಸೋಯಾ ಸಾಸ್ ಕೇಳಿ. ಮಾಂಸ ತಿನ್ನುವವರು ಮೂರು ಪದ ಕಲಿತರೆ ಸಾಕು: ಬೋ ದನ, ಗಾ ಕೋಳಿ, ಲೋನ್ ಹಂದಿ. ಒಬ್ಬರು ಸಸ್ಯಾಹಾರಿ, ಒಬ್ಬರಲ್ಲದ ಜೋಡಿ ಒಂದೇ ಅಂಗಡಿ ಹುಡುಕುತ್ತ ಹೊಟ್ಟೆ ಕಾಯಿಸುವುದಕ್ಕಿಂತ ಮಧ್ಯಾಹ್ನ ಬೇರೆ ಬೇರೆ ತಿಂದು ಕಾಫಿಗೆ ಸೇರುವುದು ವಾಸಿ. ಮೊಟ್ಟೆ ಕಾಫಿ 1946ರಿಂದ ಇಲ್ಲಿಯದೇ. ಹಸಿ ಹಳದಿ ಲೋಳೆಯನ್ನು ಮಂದಹಾಲಿನೊಂದಿಗೆ ಕಡೆದು ಕಾಫಿಯ ಮೇಲೆ ತೇಲಿಸುತ್ತಾರೆ.

ನೋಡುವುದರಲ್ಲಿ ವಾರ ಮುಖ್ಯ. ಹೋ ಚಿ ಮಿನ್ ಸಮಾಧಿ ಬೆಳಗ್ಗೆ ಮಾತ್ರ, ಸೋಮವಾರ, ಶುಕ್ರವಾರ ರಜೆ. ಮಂಡಿ, ಭುಜ ಮುಚ್ಚುವ ಬಟ್ಟೆ ಬೇಕು. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್-ಆಗಸ್ಟ್ ಹೊತ್ತಿಗೆ, ದುರಸ್ತಿಗೆಂದು ವಾರಗಟ್ಟಲೆ ಮುಚ್ಚುವುದುಂಟು. ಅಲ್ಲಿಂದ ನಡೆದೇ ವಾನ್ ಮಿಯೆವ್‌ಗೆ ಬನ್ನಿ. 1070ರಲ್ಲಿ ಕಟ್ಟಿದ ಕನ್ಫ್ಯೂಷಿಯಸ್ ಗುಡಿ ಅದು, ಪರೀಕ್ಷೆ ಗೆದ್ದವರ ಹೆಸರು ಕೆತ್ತಿದ 82 ಕಲ್ಲುಗಳು ಆಮೆಗಳ ಬೆನ್ನ ಮೇಲೆ ನಿಂತಿವೆ. ಹೊವಾನ್ ಕಿಯೆಮ್ ಕೆರೆಯ ಸುತ್ತ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ವಾಹನ ಬಿಡುವುದಿಲ್ಲ, ಹಳೇ ಪೇಟೆಯನ್ನು ಆಗ ಸುತ್ತಿ. ಬೀದಿ ಹೆಸರಿನ 'ಹಾಂಗ್' ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿ, ಹಾಂಗ್ ಮಾ ಕಾಗದದ ಸಾಮಾನು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಮನೆಗಳ ನಡುವೆಯೇ ರೈಲು ಹಾಯುವ 'ರೈಲು ಬೀದಿ'ಯ ಕೆಫೆಗಳನ್ನು ಪೊಲೀಸರು ಆಗಾಗ ಮುಚ್ಚಿಸುತ್ತಾರೆ, ಅದನ್ನೇ ನೆಚ್ಚಿ ದಿನ ಇಡಬೇಡಿ.

ಕೆರೆಯ ಬಳಿ ಇಬ್ಬರ ಬಗ್ಗೆ ಹುಷಾರು. ಹಣ್ಣಿನ ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೋ ತೆಗೆಸಿ ಹಣ ಕೇಳುವವರು ಒಬ್ಬರು. ನಿಮ್ಮ ಚಪ್ಪಲಿ ಕಿತ್ತಿದೆ ಎಂದು ಕೇಳದೆಯೇ ಗಮ್ ಹಚ್ಚಲು ಬರುವವರು ಇನ್ನೊಬ್ಬರು. ಕಾಲು ಎಳೆದುಕೊಂಡು ಮುಂದೆ ನಡೆಯಿರಿ.

ಹಿಂದಿರುಗುವಾಗ ಬಸ್ಸಾದರೆ ವಿಮಾನಕ್ಕೆ ನಾಲ್ಕು ಗಂಟೆ ಮೊದಲು ಪೇಟೆ ಬಿಡಿ, ಸಂಜೆಯ ಟ್ರಾಫಿಕ್ ನಂಬುವ ಹಾಗಿಲ್ಲ. ಮಿಕ್ಕ ಡಾಂಗನ್ನು ಅಲ್ಲೇ ಖರ್ಚು ಮಾಡಿ ಅಥವಾ ಬದಲಾಯಿಸಿ, ಊರಿಗೆ ತಂದರೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ.