ಕಾಣದ ಕಾರಿನ ಬಗ್ಗೆ ವಿಮರ್ಶೆ ಬರೆಯುವುದು ಹೇಗೆ

ಅಮೆರಿಕದ 'ಅಟ್ಲಾಂಟಾ' ಟಿವಿ ಸರಣಿಯಲ್ಲಿ ಕಣ್ಣಿಗೆ ಕಾಣದ ಕಾರು ಒಂದಿದೆ. ಮೊದಲ ಸೀಸನ್ನಿನ 8ನೇ ಕಂತು. ಕ್ಲಬ್ಬಿಗೆ ಬಂದ ಒಬ್ಬ ದೊಡ್ಡ ಮನುಷ್ಯ ತನ್ನ ಹತ್ತಿರ ಕಾಣದ ಕಾರಿದೆ ಅಂತ ಹೇಳಿಕೊಳ್ಳುತ್ತಾನೆ. ಯಾರು ನಂಬುತ್ತಾರೆ? ಕೊನೆಗೆ ಹೊರಗೆ ಗುಂಡಿನ ಸದ್ದು ಕೇಳಿ ಜನ ದಿಕ್ಕಾಪಾಲಾಗಿ ಓಡುತ್ತಾರೆ. ಆಗ ಅವನು ಕೂತ ಭಂಗಿಯಲ್ಲೇ ಗಾಳಿಯಲ್ಲಿ ಸಾಗಿ ಹೋಗುತ್ತಾನೆ. ಅಡ್ಡ ಸಿಕ್ಕವರು ಏನೋ ಗುದ್ದಿದ ಹಾಗೆ ಹಾರಿ ಬೀಳುತ್ತಾರೆ.

ಈ ಕಂತಿನ ಬಗ್ಗೆ ಮೊದಲ ಸಲ ಬರೆದಾಗ ನಾನು "ಕಾರು ಒಂದು ರೂಪಕ" ಅಂತ ಶುರು ಮಾಡಿ ಎರಡು ಪುಟ ಅದನ್ನೇ ಬಿಡಿಸಿದ್ದೆ. ಅದನ್ನು ನಾಯನಿಗೆ ಓದಿ ಹೇಳಿದೆ. ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ, ಆಂಧ್ರದ ಗಡಿ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಅಪ್ಪನಿಗೆ ನಾವು ನಾಯನ ಅನ್ನುತ್ತೇವೆ. ಅವರು ನಲವತ್ತು ವರ್ಷ ತಮಟೆ ಬಾರಿಸಿದವರು. ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: "ಕಾರು ಇರ್ಲಿ ಬಿಡಪ್ಪಾ. ಆ ಹಾಡೋ ಹುಡುಗನಿಗೆ ದುಡ್ಡು ಕೊಟ್ರಾ?"

ಕೊಡಲಿಲ್ಲ. ಅಂದರೆ, ಒಪ್ಪಿಕೊಂಡಷ್ಟು ಕೊಡಲಿಲ್ಲ. ಆ ಕಂತಿನ ತುಂಬಾ ಇರುವುದು ಅದೇ. ಹಾಡುಗಾರ ಆಲ್ಫ್ರೆಡ್, ರ್‍ಯಾಪ್ ಲೋಕದಲ್ಲಿ ಅವನ ಹೆಸರು 'ಪೇಪರ್ ಬಾಯ್'. ಅವನು ಕ್ಲಬ್ಬಿಗೆ ಬಂದು ಕೂತಿದ್ದಕ್ಕೆ ಸಂಭಾವನೆ ಬರಬೇಕು. ಅವನ ಸೋದರಸಂಬಂಧಿ, ಮ್ಯಾನೇಜರ್ ಅರ್ನ್, ರಾತ್ರಿಯೆಲ್ಲಾ ಕ್ಲಬ್ಬಿನವನ ಹಿಂದೆ ಅಲೆಯುತ್ತಾನೆ. ಆ ಮನುಷ್ಯ ಗೋಡೆಯಲ್ಲಿರುವ ಗುಟ್ಟಿನ ಬಾಗಿಲಿಂದ ಮಾಯವಾಗುತ್ತಾನೆ. ನನ್ನ ಎರಡು ಪುಟದಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಾಯನಿಗೆ ಮಾತ್ರ ತಕ್ಷಣ ಗೊತ್ತಾಯಿತು. ಮೆರವಣಿಗೆ ಮುಗಿದ ಮೇಲೆ ಕಮಿಟಿಯವರನ್ನು ಕಾಯುತ್ತಾ ಅರಳಿಕಟ್ಟೆಯ ಮೇಲೆ ಬೆಳಗಿನ ಜಾವದ ತನಕ ಕೂತವರು ಅವರು. "ಈಗಷ್ಟೇ ಇಲ್ಲೇ ಇದ್ರಲ್ಲಾ" ಅನ್ನುವ ಉತ್ತರ ಎಷ್ಟು ಸಲ ಕೇಳಿದ್ದಾರೋ.

ಆವತ್ತಿನಿಂದ ನಾನು ಈ ಸರಣಿಯನ್ನು ನೋಡುವ ರೀತಿ ಬದಲಾಯಿತು. ವಿಮರ್ಶೆ ಬರೆಯಲು ಕೂರುವ ನಿಮಗೂ ಮೊದಲು ಹೇಳುವುದು ಇದನ್ನೇ. ಎಲ್ಲಿ ವಿಚಿತ್ರ ಕಾಣುತ್ತದೋ ಅದರ ಪಕ್ಕದಲ್ಲಿ ಯಾರ ಕೂಲಿ ಬಾಕಿ ಇದೆ ಅಂತ ಹುಡುಕಿ. ಸಾಮಾನ್ಯವಾಗಿ ಸಿಗುತ್ತದೆ.

ನೋಡುವುದರಿಂದ ಶುರು ಮಾಡೋಣ. ಒಂದು ಕಂತನ್ನು ಎರಡು ಸಲ ನೋಡಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೇ ಸಲ ಪುಸ್ತಕದ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಏನಾಯಿತು ಅನ್ನುವುದು, ಬಲಕ್ಕೆ ಅದಕ್ಕೆ ಯಾರು ಬೆರಗಾಗಲಿಲ್ಲ ಅನ್ನುವುದು. ಬಲಗಡೆಯದೇ ಮುಖ್ಯ. ಈ ಸರಣಿಯಲ್ಲಿ ಅದ್ಭುತ ನಡೆದಾಗ ಪಾತ್ರಗಳು ಜಾಸ್ತಿ ಬಾಯಿ ಬಿಟ್ಟುಕೊಂಡು ನಿಲ್ಲುವುದಿಲ್ಲ. ಕೆಲಸಕ್ಕೆ ಹೊತ್ತಾಯಿತು ಅಂತ ಮುಂದೆ ಹೋಗುತ್ತಾರೆ. ಬದುಕೇ ದಿನಾ ಲೆಕ್ಕ ತಪ್ಪಿಸುವಾಗ ಇನ್ನೊಂದು ವಿಚಿತ್ರಕ್ಕೆ ನಿಂತು ನೋಡಲು ಪುರುಸೊತ್ತು ಎಲ್ಲಿರುತ್ತದೆ? ಒಂದೇ ರಾತ್ರಿ ಹತ್ತು ಕಂತು ಮುಗಿಸಿ ಬರೆಯಲು ಕೂತರೆ ಈ ಸಣ್ಣ ಸಂಗತಿ ಕೈಗೆ ಸಿಗುವುದಿಲ್ಲ.

ಮಾಹಿತಿಯನ್ನು ಚಿಕ್ಕದಾಗಿ ಮುಗಿಸಿ. 2016ರ ಸೆಪ್ಟೆಂಬರ್‌ನಿಂದ 2022ರ ನವೆಂಬರ್‌ವರೆಗೆ ಎಫ್‌ಎಕ್ಸ್ ಚಾನೆಲ್ಲಿನಲ್ಲಿ ಬಂತು, 4 ಸೀಸನ್, 41 ಕಂತು. ಕಟ್ಟಿದವರು ಡೊನಾಲ್ಡ್ ಗ್ಲೋವರ್, ಅರ್ನ್ ಪಾತ್ರವೂ ಅವರದೇ. ಆಲ್ಫ್ರೆಡ್ ಆಗಿ ಬ್ರಯಾನ್ ಟೈರಿ ಹೆನ್ರಿ, ಗೆಳೆಯ ಡೇರಿಯಸ್ ಆಗಿ ಲಕೀತ್ ಸ್ಟ್ಯಾನ್‌ಫೀಲ್ಡ್, ಅರ್ನ್‌ನ ಮಗಳ ತಾಯಿ ವ್ಯಾನ್ ಆಗಿ ಜಾಜೀ ಬೀಟ್ಸ್. ಜಾಸ್ತಿ ಕಂತುಗಳ ನಿರ್ದೇಶಕ ಹಿರೋ ಮುರಾಯ್. ಇಷ್ಟು ಸಾಕು.

ಊರಿನ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಬರೆಯಿರಿ. ಅಟ್ಲಾಂಟಾ ಅಮೆರಿಕದ ದಕ್ಷಿಣ ಭಾಗದ ನಗರ, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಊರು. ಹಿಪ್‌ಹಾಪ್ ಅಂದರೆ ನ್ಯೂಯಾರ್ಕ್ ಇಲ್ಲವೇ ಲಾಸ್ ಏಂಜಲೀಸ್ ಅನ್ನುವ ಕಾಲವೊಂದಿತ್ತು. 1995ರಲ್ಲಿ ನ್ಯೂಯಾರ್ಕಿನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ 'ಔಟ್‌ಕಾಸ್ಟ್' ಅನ್ನುವ ರ್‍ಯಾಪ್ ಜೋಡಿ ವೇದಿಕೆ ಹತ್ತಿದಾಗ ಸಭೆ ಕೂಗಿ ಗೇಲಿ ಮಾಡಿತು. ದಕ್ಷಿಣದವರಿಗೂ ಹೇಳುವುದಿದೆ ಅಂತ ಅವರಲ್ಲಿ ಒಬ್ಬರು ಅಲ್ಲೇ ಉತ್ತರ ಕೊಟ್ಟರು. ಬೆಂಗಳೂರಿಗೆ ಹೋಗಿ ತೆಲುಗು ಬೆರೆತ ಕನ್ನಡ ಮಾತಾಡಿ ನಗಿಸಿಕೊಂಡು ಬಂದ ಕೋಲಾರದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಸಬ್‌ಟೈಟಲ್ ಮಾತ್ರ ಓದಬೇಡಿ, ಕಿವಿಗೊಟ್ಟು ಕೇಳಿ. ಬಿಳಿಯರ ಎದುರು ಅರ್ನ್ ದನಿ ಹೇಗಿರುತ್ತದೆ, ಆಲ್ಫ್ರೆಡ್ ಮನೆಯ ಸೋಫಾದ ಮೇಲೆ ಹೇಗಿರುತ್ತದೆ ಅಂತ ಗಮನಿಸಿ.

ಮೊದಲ ಕಂತಿನ ಒಂದು ಜಾಗ ಇದಕ್ಕೆ ಒಳ್ಳೆಯ ಪಾಠ. ರೇಡಿಯೋದಲ್ಲಿ ಕೆಲಸ ಮಾಡುವ ಬಿಳಿಯ ಪರಿಚಯಸ್ಥನೊಬ್ಬ ಅರ್ನ್‌ಗೆ ಒಂದು ಕಥೆ ಹೇಳುತ್ತಾನೆ. ಹೇಳುವಾಗ ಕಪ್ಪು ಜನರನ್ನು ಹೀಯಾಳಿಸುವ ಆ ಪದವನ್ನು ಸಲೀಸಾಗಿ ಬಳಸುತ್ತಾನೆ. ಆಮೇಲೆ ಆಲ್ಫ್ರೆಡ್, ಡೇರಿಯಸ್ ಎದುರಿಗೆ ಅದೇ ಕಥೆ ಹೇಳು ಅಂತ ಅರ್ನ್ ಕೇಳುತ್ತಾನೆ. ಕಥೆ ಬರುತ್ತದೆ, ಆ ಪದ ಬರುವುದಿಲ್ಲ. ನಮ್ಮಲ್ಲೂ ಒಬ್ಬನೇ ಸಿಕ್ಕಾಗ ಬರುವ ಜಾತಿಯ ಬೈಗುಳ ನಾಲ್ಕು ಜನರ ಎದುರು ಬರುವುದಿಲ್ಲ, ಅಲ್ವಾ? ಹಾಗಂತ ಆ ಪದವನ್ನು ಕನ್ನಡಕ್ಕೆ ತಂದು ಬರೆಯಬೇಡಿ. "ಹೀಯಾಳಿಸುವ ಪದ" ಅಂದರೆ ಓದುವವರಿಗೆ ಅರ್ಥವಾಗುತ್ತದೆ. ಹಳೆಯ ಕನ್ನಡ ಬರಹಗಳಲ್ಲಿ 'ನೀಗ್ರೋ' ಅಂತ ಇರುತ್ತಿತ್ತು, ಅದೂ ಬೇಡ.

ಹೋಲಿಕೆಗೆ ಒಂದು ಮಿತಿ ಇರಲಿ. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್‌ಗೆ ಪತ್ರ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ಹುಡುಗರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿಂದಲೇ ದಲಿತ ಪ್ಯಾಂಥರ್ಸ್ ಕಟ್ಟಿದರು. ನಂಟು ಹಳೆಯದು, ನಿಜವಾದದ್ದು. ಆದರೆ ವಿಮರ್ಶೆಯಲ್ಲಿ ಅದು ಒಂದು ಪ್ಯಾರಾ ದಾಟಿದರೆ ಅವರ ಕಥೆ ಹೋಗಿ ಬರೀ ನಮ್ಮ ಕಥೆ ಉಳಿಯುತ್ತದೆ. ಅಟ್ಲಾಂಟಾದ ಪೊಲೀಸ್ ಠಾಣೆ, ಅಲ್ಲಿನ ಗುಲಾಮಗಿರಿಯ ಲೆಕ್ಕ, ಅಲ್ಲಿನ ಬಂದೂಕು ಇವೆಲ್ಲ ಅವರವು. ಅಲ್ಲಿಯೇ ಇರಲಿ ಬಿಡಿ.

ನಗು ಹೇಗೆ ಹುಟ್ಟುತ್ತದೆ ಅಂತ ಹೇಳಲು ಒಂದೇ ಉದಾಹರಣೆ ಆರಿಸಿ ಪೂರ್ತಿ ಬಿಡಿಸಿ. ನಾನು ಮೊದಲ ಸೀಸನ್ನಿನ 4ನೇ ಕಂತು ಆರಿಸುತ್ತೇನೆ. ದುಡ್ಡಿಲ್ಲದ ಅರ್ನ್ ಫೋನ್ ಮಾರಲು ಹೋಗುತ್ತಾನೆ. ಡೇರಿಯಸ್ ಮಾತು ಕೇಳಿ ಫೋನಿಗೆ ಬದಲು ಕತ್ತಿ, ಕತ್ತಿಗೆ ಬದಲು ನಾಯಿ ತಗೊಳ್ಳುತ್ತಾನೆ. ನಾಯಿಯನ್ನು ತಳಿ ಮಾಡುವವನ ಹತ್ತಿರ ಬಿಡುತ್ತಾರೆ. ಮರಿ ಹಾಕಿದ ಮೇಲೆ ಒಳ್ಳೆ ದುಡ್ಡು ಬರುತ್ತದೆ, ಆದರೆ ತಿಂಗಳುಗಳ ನಂತರ. ನೋಡುವಾಗ ನಗು ಬರುತ್ತದೆ. ಆಮೇಲೆ ಅರ್ನ್ ಕೋಪದಿಂದ ಹೇಳುತ್ತಾನೆ, ನನಗೆ ದುಡ್ಡು ಬೇಕಿರುವುದು ಇವತ್ತು, ಬಡವರಿಗೆ ಕಾಯುವಷ್ಟು ಸಮಯ ಇರುವುದಿಲ್ಲ ಅಂತ. ಪಾಲಿಗೆ ಕುರಿ ಸಾಕಿ, ಮರಿ ಮಾರುವ ಮೊದಲೇ ಆಸ್ಪತ್ರೆ ಖರ್ಚಿಗೆ ತಾಯಿಕುರಿಯನ್ನೇ ಬಿಟ್ಟುಕೊಟ್ಟ ಮನೆ ನಮ್ಮದು. ಆ ಸಾಲು ನನ್ನ ಎದೆಗೆ ನಾಟಿತು. ಡೇರಿಯಸ್ ಹೇಳಿದ್ದು ತಪ್ಪಲ್ಲ ಅನ್ನುವುದನ್ನೂ ಬರೆಯಿರಿ. ಅವನ ಲೆಕ್ಕ ಸರಿ, ಕಾಯುವ ಶಕ್ತಿ ಇರುವವನಿಗೆ ಸರಿ.

2018ರ ಏಪ್ರಿಲ್‌ನಲ್ಲಿ ಬಂದ 'ಟೆಡ್ಡಿ ಪರ್ಕಿನ್ಸ್' ಕಂತಿಗೆ ಪ್ರತ್ಯೇಕ ವಿಮರ್ಶೆಯೇ ಬೇಕು. ಮೊದಲ ಸಲ ಬಂದಾಗ ನಡುವೆ ಒಂದು ಜಾಹೀರಾತೂ ಇರಲಿಲ್ಲ. ಬಿಟ್ಟಿ ಸಿಗುವ ಪಿಯಾನೋ ತರಲು ಡೇರಿಯಸ್ ಒಂದು ಬಂಗಲೆಗೆ ಹೋಗುತ್ತಾನೆ. ಅಲ್ಲಿ ಬಿಳಿಚಿದ ಮುಖದ ಟೆಡ್ಡಿ ಇದ್ದಾನೆ. ಮೇಕಪ್ಪಿನೊಳಗೆ ಗ್ಲೋವರ್ ಇದ್ದರೂ, ಹೆಸರುಗಳ ಪಟ್ಟಿಯಲ್ಲಿ ಟೆಡ್ಡಿಯ ಪಾತ್ರ ಟೆಡ್ಡಿಯದೇ ಅಂತ ಹಾಕಿದ್ದಾರೆ. ದೊಡ್ಡ ಸಂಗೀತ ದೊಡ್ಡ ನೋವಿಂದ ಬರುತ್ತದೆ ಅಂತ ಟೆಡ್ಡಿ ನಂಬಿದ್ದಾನೆ. ಹೊಡೆದು ಕಲಿಸಿದ ಅಪ್ಪನಿಗೆ ಮನೆಯಲ್ಲೇ ಒಂದು ಕೋಣೆ ಮಾಡಿ ಗೊಂಬೆ ನಿಲ್ಲಿಸಿದ್ದಾನೆ. ಗೊಂಬೆಗೆ ಮುಖವಿಲ್ಲ. ಅದನ್ನು ಕಂಡಾಗ ನನಗೆ ಮೈ ಜುಂ ಅಂದಿತು. ನಾಯನಿಗೆ ತಾತ ತಮಟೆಯ ಕೋಲಿಂದಲೇ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ನಾಯನ ನನಗೆ ಕಲಿಸಲೇ ಇಲ್ಲ, "ನೀನು ಓದು" ಅಂದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಆ ದಿನ ನಾಯನ ಅಟ್ಟದಿಂದ ತಮಟೆ ಇಳಿಸಿ, ಒರೆಸಿ, ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದರು. ಬಾರಿಸಲಿಲ್ಲ. ನಿಮ್ಮ ಮೈ ಎಲ್ಲಿ ಜುಂ ಅಂದಿತೋ ಆ ಜಾಗವನ್ನು, ಕಾರಣ ಸಮೇತ, ವಿಮರ್ಶೆಯಲ್ಲಿ ಬರೆಯಿರಿ. ಆ ಕಂತಿನ ಕೊನೆ ಮಾತ್ರ ಹೇಳಬೇಡಿ.

ಇಷ್ಟಪಟ್ಟ ಸರಣಿಯ ಕೊರತೆಯನ್ನೂ ಬರೆಯಿರಿ. ವ್ಯಾನ್‌ಗೆ ಈ ಸರಣಿ ಸಾಕಷ್ಟು ಜಾಗ ಕೊಟ್ಟಿಲ್ಲ. ಗಂಡಸರಿಗೆ ನಗರವೆಲ್ಲಾ ಅಲೆಯುವ ಅವಕಾಶ, ಅವಳಿಗೆ ಆಗೊಂದು ಈಗೊಂದು ಕಂತು. ನಾಲ್ಕು ವರ್ಷದ ಬಿಡುವಿನ ನಂತರ 2022ರಲ್ಲಿ ಬಂದ 3ನೇ ಸೀಸನ್ನಿನ 10 ಕಂತುಗಳಲ್ಲಿ 4 ಬೇರೆಯದೇ ಕಥೆಗಳು. ಪೂರ್ವಜರು ಗುಲಾಮರನ್ನು ಇಟ್ಟುಕೊಂಡಿದ್ದಕ್ಕೆ ಒಬ್ಬ ಬಿಳಿಯನ ಮೇಲೆ ಪರಿಹಾರ ಕೇಳುವ ಕಂತು ನನಗೆ ತುಂಬಾ ಹಿಡಿಸಿತು. ಉಳಿದವುಗಳಲ್ಲಿ ಪಾಠ ಜಾಸ್ತಿ, ಜನ ಕಡಿಮೆ ಅನ್ನಿಸಿತು.

ಸ್ಟಾರ್ ಕೊಡಬೇಡಿ. ಬರೆದು ಮುಗಿಸಿದ ಮೇಲೆ ಸರಣಿ ನೋಡದ ಒಬ್ಬರಿಗೆ ಜೋರಾಗಿ ಓದಿ ಹೇಳಿ. ಕಾಣದ ಕಾರಿನ ವಿಮರ್ಶೆಯನ್ನು ನಾನು ಹೊಸದಾಗಿ ಬರೆದು, ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ ನಾಯನಿಗೆ ಓದಿದೆ. ಈ ಸಲ ಗೋಡೆಯ ಬಾಗಿಲಿಂದ ಶುರು ಮಾಡಿದ್ದೆ. ಮೂರು ಕಡೆ ಕೈ ಎತ್ತಿ ನಿಲ್ಲಿಸಿದರು. ಮೂರು ಕಡೆಯೂ ನಾನು ನಡೆದದ್ದನ್ನು ಬಿಟ್ಟು ಅರ್ಥ ಹೇಳಲು ಹೊರಟಿದ್ದೆ. ಆ ಮೂರನ್ನೂ ಹೊಡೆದು ಹಾಕಿ, ಉಳಿದದ್ದನ್ನು ಕಳಿಸಿದೆ.