ಕೃತಕ ಕಾಲಿಗೆ ಹೊಂದಿಕೊಳ್ಳುವಾಗ ಅಭ್ಯಂಗ: ಯಾವಾಗ, ಹೇಗೆ

ಮಂಡಿಯ ಕೆಳಗೆ ಕಾಲು ಕಳೆದುಕೊಂಡವರು ಜೈಪುರ ಕಾಲನ್ನಾಗಲಿ ಬೇರೆ ಕೃತಕ ಕಾಲನ್ನಾಗಲಿ ತೊಡಲು ಆರಂಭಿಸಿದಾಗ, ಮೊದಲ ತಿಂಗಳುಗಳಲ್ಲಿ ಹೆಚ್ಚು ಕಾಡುವುದು ಸಾಕೆಟ್ಟಿನೊಳಗಿನ (ಕೃತಕ ಕಾಲಿನಲ್ಲಿ ಮೋಟು ಕೂರುವ ಬಟ್ಟಲಿನಂಥ ಭಾಗ) ಬೆವರು ಮತ್ತು ತಿಕ್ಕಾಟಕ್ಕೆ ಸಿಕ್ಕುವ ಮೋಟಿನ, ಅಂದರೆ ಉಳಿದ ಕಾಲಿನ ತುದಿಯ, ಚರ್ಮ. ಆಯುರ್ವೇದದ ಅಭ್ಯಂಗ, ಅಂದರೆ ಎಣ್ಣೆ ಹಚ್ಚಿ ನೀವುವುದು, ಇಲ್ಲಿ ನೆರವಾಗಬಲ್ಲದು. ಆದರೆ ಅದನ್ನು ರಾತ್ರಿ, ಕಾಲು ಬಿಚ್ಚಿಟ್ಟ ಮೇಲೆಯೇ ಮಾಡಬೇಕು. ಬೆಳಿಗ್ಗೆ ಎಣ್ಣೆ ಸವರಿ ತೊಟ್ಟರೆ ಸಾಕೆಟ್ ಜಾರುತ್ತದೆ, ಮೋಟಿಗೂ ಸಾಕೆಟ್ಟಿಗೂ ನಡುವೆ ತೊಡುವ ಮೆತ್ತನೆಯ ಕವಚವಾದ ಲೈನರ್ ಕೆಡುತ್ತದೆ, ಮೆತ್ತಗಾದ ಚರ್ಮ ಬೇಗ ಸುಲಿಯುತ್ತದೆ.

ಗಾಯ ಪೂರ್ತಿ ಮಾಗಿ, ಹೊಲಿಗೆ ಬಿಚ್ಚಿ, ಶಸ್ತ್ರವೈದ್ಯರು ಒಪ್ಪಿಗೆ ಕೊಟ್ಟ ನಂತರವೇ ಆರಂಭಿಸಬೇಕು. ಶುದ್ಧ ಎಳ್ಳೆಣ್ಣೆ ಸಾಕು. ವೈದ್ಯರು ಸೂಚಿಸಿದರೆ ಕ್ಷೀರಬಲಾ ತೈಲವೆಂಬ ಔಷಧಿ ಎಣ್ಣೆಯನ್ನೂ ಬಳಸಬಹುದು. ಎರಡು ಚಮಚ ಎಣ್ಣೆಯನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಬಿಸಿಯನ್ನು ಮುಂಗೈ ಮೇಲೆ ನೋಡಬೇಕು, ಏಕೆಂದರೆ ಮೋಟಿನ ಸ್ಪರ್ಶಜ್ಞಾನ, ಮುಖ್ಯವಾಗಿ ಮಧುಮೇಹಿಗಳಲ್ಲಿ, ಮಂದವಾಗಿರಬಹುದು. ಕೆಳತುದಿಯಿಂದ ಮಂಡಿಯ ಕಡೆಗೆ ಹಗುರವಾಗಿ ನೀವಿದರೆ ಬಾವು ಇಳಿಯಲು ಅನುಕೂಲ. ಹೊಲಿಗೆಯ ಕಲೆಯ ಮೇಲೆ ಮಾತ್ರ ಹೆಬ್ಬೆರಳಿಟ್ಟು, ಬೆರಳು ಚರ್ಮದ ಮೇಲೆ ಜಾರದಂತೆ, ಚರ್ಮವೇ ಮೂಳೆಯ ಮೇಲೆ ಸರಿಯುವಂತೆ ಸಣ್ಣ ವೃತ್ತಗಳಲ್ಲಿ ತಿರುಗಿಸಬೇಕು. ಕಲೆ ಮೂಳೆಗೆ ಅಂಟಿಕೊಂಡರೆ ಪ್ರತಿ ಹೆಜ್ಜೆಗೂ ಎಳೆತ ಬೀಳುತ್ತದೆ. ಅರ್ಧ ಗಂಟೆಯ ನಂತರ ಹೆಸರುಹಿಟ್ಟು ಹಚ್ಚಿ ಬೆಚ್ಚನೆಯ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತಿಳಿಸಿಕೊಟ್ಟಂತೆ ಎಲಾಸ್ಟಿಕ್ ಪಟ್ಟಿ ಸುತ್ತಬೇಕು. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡಬಾರದು. ಕೀಲು ಮಡಚಿದಂತೆಯೇ ಬಿಗಿದುಕೊಂಡರೆ ಯಾವ ತೈಲವೂ ಅದನ್ನು ಸುಲಭವಾಗಿ ಬಿಡಿಸಲಾರದು.

ಇಲ್ಲದ ಪಾದದಲ್ಲಿ ನೋವು ಕಾಣಿಸಿಕೊಳ್ಳುವುದನ್ನು ಆಯುರ್ವೇದ ವೈದ್ಯರು ವಾತದ ಲಕ್ಷಣವೆಂದು ಪರಿಗಣಿಸಿ ಅಭ್ಯಂಗ ಹೇಳುವುದುಂಟು. ನೀವುವುದರಿಂದ ಕೆಲವರಿಗೆ ಹಾಯೆನಿಸುತ್ತದೆ. ಆದರೂ ಇದನ್ನು ನೋವಿನ ಮಾತ್ರೆಗೆ, ಫಿಸಿಯೋಥೆರಪಿಯ ಕನ್ನಡಿ ಅಭ್ಯಾಸಕ್ಕೆ (ಇರುವ ಕಾಲಿನ ಪ್ರತಿಬಿಂಬವನ್ನು ಇಲ್ಲದ ಕಾಲೆಂಬಂತೆ ನೋಡುತ್ತ ಮಾಡುವ ವ್ಯಾಯಾಮ) ಪೂರಕವಾಗಿ ಇಟ್ಟುಕೊಳ್ಳುವುದೇ ಸರಿ.

ಆಹಾರದ ವಿಷಯದಲ್ಲಿ ಒಂದು ಎಚ್ಚರ ಬೇಕು. ಬಲ ಬರಲೆಂದು ಮನೆಯವರು ತುಪ್ಪ, ಲೇಹ್ಯಗಳನ್ನು ಧಾರಾಳವಾಗಿ ಕೊಡುತ್ತಾರೆ. ಸಾಕೆಟ್ ಅಳತೆ ಕೊಟ್ಟ ದಿನದ ಮೋಟಿಗೆ ತಕ್ಕಂತೆ ಮಾಡಿದ್ದು. ಕೆಲವೇ ಕಿಲೋ ತೂಕ ಏರಿದರೂ ಅದು ಬಿಗಿಯಾಗಿ ಹುಣ್ಣು ಮಾಡಬಹುದು. ಲೇಹ್ಯದಲ್ಲಿ ಸಕ್ಕರೆಯೋ ಬೆಲ್ಲವೋ ಇದ್ದೇ ಇರುತ್ತದೆ. ಬಲಕ್ಕೆಂದು ಕೊಡುವ ಅಶ್ವಗಂಧ ರಕ್ತದ ಸಕ್ಕರೆಯನ್ನು ಇಳಿಸಬಲ್ಲದಾದ್ದರಿಂದ ಮಧುಮೇಹದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಅದನ್ನು ಸೇವಿಸಬಾರದು.

ಪ್ರತಿದಿನ ಕಾಲು ಬಿಚ್ಚಿದಾಗ ಕನ್ನಡಿ ಹಿಡಿದು ಮೋಟಿನ ಹಿಂಬದಿಯನ್ನೂ ನೋಡಬೇಕು. ಇಪ್ಪತ್ತು ನಿಮಿಷವಾದರೂ ಕೆಂಪು ಮಾಸದಿದ್ದರೆ, ಗುಳ್ಳೆ, ಕೀವು ಅಥವಾ ಜ್ವರ ಕಂಡರೆ ಎಣ್ಣೆಯನ್ನೂ ಕೃತಕ ಕಾಲನ್ನೂ ನಿಲ್ಲಿಸಿ, ಕಾಲು ತಯಾರಿಸಿದವರನ್ನು ಮತ್ತು ವೈದ್ಯರನ್ನು ಕೂಡಲೇ ಕಾಣಬೇಕು. ಅರಿಸಿನವನ್ನೋ ಬೂದಿಯನ್ನೋ ಮೆತ್ತಿ ಮರುದಿನ ಮತ್ತೆ ಅದೇ ಸಾಕೆಟ್ ತೊಡಬಾರದು.