ಮಕ್ಕಳ ಮರಳುಗುಂಡಿ ರಿಪೇರಿ: ತಳಕ್ಕೆ ಟಾರ್ಪಾಲ್ ಹಾಕ್ಬೇಡಿ

ಮರಳುಗುಂಡಿ ಹಾಳಾಗೋದೇ ತಳದಿಂದ. ಮೇಲೆ ಎಷ್ಟು ಹೊಸ ಮರಳು ತಂದು ಸುರಿದ್ರೂ ಕೆಳಗೆ ನೀರು ನಿಂತಿದ್ರೆ ಒಂದೇ ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ಕೋಲಾರದಲ್ಲಿ ನಾವು ಕೊಂಡ ಮನೆ ಹಿಂದೆ ಮೊದ್ಲಿದ್ದೋರು ಕಟ್ಸಿದ್ದ ಒಂದು ಗುಂಡಿ ಇತ್ತು, ಒಳಗಡೆ ಅಳತೆ 8 ಅಡಿಗೆ 6 ಅಡಿ, ಸುತ್ತ ಇಟ್ಟಿಗೆ ಕಟ್ಟೆ. ನಮ್ಮ ಮಗಳೂ ಪಕ್ಕದ್ಮನೆ ಮಕ್ಕಳೂ ದಿನಾ ಸಂಜೆ ಅಲ್ಲೇ. ಮಳೆ ಬಿದ್ಮೇಲೆ ಮಕ್ಕಳ ಕೈಯಿಂದ ಚರಂಡಿ ವಾಸ್ನೆ ಬರೋಕೆ ಶುರುವಾಯ್ತು, ಆಗ ಇದನ್ನ ಪೂರ್ತಿ ಬಿಚ್ಚಿ ನೋಡ್ಲೇಬೇಕು ಅಂತ ಕೂತೆ.

ಮೇಲಿನ ಒಂದು ಗೇಣು ಮರಳು ಪರವಾಗಿಲ್ಲ ಅನ್ನೋ ಹಾಗಿತ್ತು. ಅದರ ಕೆಳಗೆ ಸನಿಕೆ ಹಾಕಿದ್ರೆ ಕಪ್ಪಗೆ, ಜಿಗುಟಾಗಿ, ಕೊಳೆತ ಮೊಟ್ಟೆ ವಾಸ್ನೆ. ಎಲೆ, ಬಿಸ್ಕೆಟ್ ಚೂರು, ಇರುವೆ ಎಳ್ಕೊಂಡು ಹೋದದ್ದು ಎಲ್ಲಾ ಕೆಳಗೆ ಇಳಿದು, ನೀರು ನಿಂತು ಗಾಳಿ ಆಡದೆ ಕೊಳೆತ್ರೆ ಮರಳು ಹೀಗೆ ಕಪ್ಪಾಗುತ್ತೆ. ತಳದಲ್ಲಿ ಕಪ್ಪು ಪ್ಲಾಸ್ಟಿಕ್ ಶೀಟ್ ಹಾಕಿದ್ರು, ಬ್ಲೇಡಲ್ಲಿ ಒಂದು ಮೂಲೆ ಕುಯ್ದ ತಕ್ಷಣ ನಿಂತಿದ್ದ ನೀರು ಬುಳುಬುಳು ಅಂತ ಕೆಳಗೆ ಹೋಯ್ತು. ಶೀಟ್ ನೀರನ್ನ ಹಿಡಿದಿತ್ತು, ಕಳೆಯನ್ನ ಮಾತ್ರ ಹಿಡಿದಿರ್ಲಿಲ್ಲ, ಕೊನ್ನಾರಿ ಗಡ್ಡೆ ಸೂಜಿ ಹಾಗೆ ಅಲ್ಲಲ್ಲಿ ತೂತು ಮಾಡ್ಕೊಂಡು ಮೇಲೆ ಬಂದಿತ್ತು. ಕಳೆ ಬರದ ಹಾಗೆ ನೆಲಕ್ಕೆ ಮಲ್ಚಿಂಗ್ ಶೀಟ್ ಹಾಕಿ ಟೊಮೆಟೊ ಬೆಳೆಯೋರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ.

ಕೆಲಸ ಶುರು ಮಾಡ್ತಿದ್ದ ಹಾಗೆ ಸಲಹೆಗಳು ಬಂದ್ವು. ಟೊಮೆಟೊ ಬೆಳೆಯೋ ನನ್ನ ಸ್ನೇಹಿತ, "ಕೃಷಿ ಹೊಂಡಕ್ಕೆ ಹಾಕಿದ ಶೀಟು ಉಳ್ದಿದೆ, ತಗೊಂಡೋಗಣ್ಣ, 500 ಮೈಕ್ರಾನು ದಪ್ಪ, ಅಲ್ಲಾಡಲ್ಲ" ಅಂದ. ಮೇಸ್ತ್ರಿ, "ಸಾರ್, ತಳಕ್ಕೆ ಕಾಂಕ್ರೀಟ್ ಹಾಕ್ಬಿಡೋಣ, ಪೀಡೆ ಹೋಗುತ್ತೆ" ಅಂದ್ರು. ಇಬ್ರೂ ಒಳ್ಳೆ ಮನಸ್ಸಿಂದಾನೇ ಹೇಳಿದ್ದು. ಆದ್ರೆ ಹೊಂಡದ ಶೀಟ್ ಇರೋದೇ ನೀರು ನಿಲ್ಸೋಕೆ, ನಮಗೆ ಬೇಕಿರೋದು ನೀರು ಇಳಿದು ಹೋಗೋದು. ನೀರು ಇಳೀಬೇಕು, ಕೆಳಗಿನ ಮಣ್ಣು ಮೇಲಿನ ಮರಳಿಗೆ ಬೆರೀಬಾರ್ದು, ಕಳೆ ಬರ್ಬಾರ್ದು, ಈ ಮೂರೂ ಆಗ್ಬೇಕಂದ್ರೆ ನೇಯ್ದಿರೋ ವೀಡ್ ಮ್ಯಾಟೇ ಸರಿ. ನರ್ಸರಿಗಳಲ್ಲಿ, ಪಾಲಿಹೌಸ್‌ಗಳಲ್ಲಿ ನೆಲಕ್ಕೆ ಹಾಸಿರ್ತಾರಲ್ಲ, ಕಪ್ಪಗೆ, ಮಧ್ಯೆ ಮಧ್ಯೆ ಗೆರೆ ಇರುತ್ತೆ, ಅದೇ. ನಮ್ಮ ಕಡೆ ಡ್ರಿಪ್ ಸಾಮಾನು ಮಾರೋ ಅಂಗಡೀಲಿ ಕೇಳಿದ್ರೆ ಸಿಗುತ್ತೆ.

ಹಳೇ ಮರಳೆಲ್ಲಾ ಎತ್ತಿ ತೆಂಗಿನ ಬುಡಕ್ಕೆ ಹಾಕ್ದೆ, ಬಿಸಿಲು ಗಾಳಿ ತಗುಲಿದ್ಮೇಲೆ ಆ ಕಪ್ಪೂ ವಾಸ್ನೇನೂ ತಾನಾಗೇ ಹೋಯ್ತು. ಆಮೇಲೆ ಕೊನ್ನಾರಿ ಗಡ್ಡೆಗಳನ್ನ ಪಿಕಾಸಿಯಲ್ಲಿ ಅಗೆದು ಕೈಯಲ್ಲಿ ಆರಿಸಿ ತೆಗೆದ್ವಿ, ಬೇಜಾರಿನ ಕೆಲಸ, ಆದ್ರೆ ಒಂದು ಗಡ್ಡೆ ಉಳಿದ್ರೂ ಅಲ್ಲೊಂದು ಸಂಸಾರ ಆಗುತ್ತೆ. ನಮ್ದು ಕೆಮ್ಮಣ್ಣು, ತುಳಿದು ತುಳಿದು ಗಟ್ಟಿಯಾಗಿತ್ತು, ಬಕೆಟ್ ನೀರು ಸುರಿದು ನೋಡಿದ್ರೆ ಇಳಿಯೋಕೆ ತುಂಬಾ ಹೊತ್ತು ತಗೊಳ್ತು. ಅದಕ್ಕೆ ಒಂದು ಮೂಲೇಲಿ ಇನ್ನೂ 2 ಅಡಿ ಆಳ ತೋಡಿ 40 ಎಂಎಂ ಜಲ್ಲಿ ತುಂಬಿಸಿ ಸಣ್ಣ ಇಂಗುಗುಂಡಿ ಮಾಡ್ಕೊಂಡೆ, ಉಳಿದ ತಳವನ್ನ ಆ ಮೂಲೆ ಕಡೆಗೆ ಸ್ವಲ್ಪ ಇಳಿಜಾರು ಮಾಡಿ ದಿಮ್ಮಸು ಹೊಡೆಸ್ದೆ.

ಮ್ಯಾಟ್ ಎರಡು ಪದರ ಹಾಕಿದ್ದು. ಮೊದಲನೇದು ಮಣ್ಣಿನ ಮೇಲೆ, ಅದರ ಮೇಲೆ 3 ಇಂಚು 20 ಎಂಎಂ ಜಲ್ಲಿ, ಜಲ್ಲಿ ಮೇಲೆ ಇನ್ನೊಂದು ಮ್ಯಾಟ್, ಆಮೇಲೆ ಮರಳು. ಕೆಳಗಿನದು ಇಲ್ದಿದ್ರೆ ಜಲ್ಲಿ ಮಣ್ಣಲ್ಲಿ ಹೂತೋಗುತ್ತೆ, ಮೇಲಿನದು ಇಲ್ದಿದ್ರೆ ಮರಳು ಜಲ್ಲಿ ಸಂದಿಗೆ ಸುರಿದೋಗುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಮ್ಯಾಟನ್ನ ಕತ್ತರಿಯಲ್ಲಿ ಕತ್ತರಿಸಿದ್ರೆ ಅಂಚಿಂದ ಎಳೆ ಬಿಚ್ಕೊಳ್ಳುತ್ತೆ, ಮಕ್ಕಳು ಎಳೆ ಕಂಡ್ರೆ ಬಿಡ್ತಾರಾ, ಎಳೆದೂ ಎಳೆದೂ ಪೂರ್ತಿ ಹರಿದಾಕ್ತಾರೆ. ಅದಕ್ಕೆ ಹಳೇ ಚಾಕು ಗ್ಯಾಸ್ ಮೇಲೆ ಕಾಯಿಸಿ ಅದ್ರಲ್ಲೇ ಕುಯ್ಕೊಂಡ್ ಹೋದೆ, ಅಂಚು ಕರಗಿ ಅಲ್ಲೇ ಅಂಟ್ಕೊಳ್ಳುತ್ತೆ. ಹೊಗೆ ಬರುತ್ತೆ, ಹೊರಗಡೆ ಮಾಡಿ, ಮಕ್ಕಳನ್ನ ದೂರ ಇಡಿ. ಜಾಯಿಂಟ್ ಬರೋ ಕಡೆ ಒಂದಡಿ ಒಂದರ ಮೇಲೊಂದು ಬರ್ಬೇಕು. ಮೇಲಿನ ಮ್ಯಾಟನ್ನ ಕಟ್ಟೆಯ ಒಳಗೋಡೆಗುಂಟ ಮೇಲಕ್ಕೆ ತಂದು ಕಟ್ಟೆ ಮೇಲಿನ ಕಲ್ಲಿನ ಅಡಿಗೆ ಸಿಕ್ಸಿದೀವಿ, ಹಾಗಾಗಿ ಅಂಚಲ್ಲಿ ಎಷ್ಟು ತೋಡಿದ್ರೂ ಮೇಲೆದ್ದು ಬರಲ್ಲ.

ಕಟ್ಟೆ ಒಂದು ಕಡೆ ವಾಲಿತ್ತು, ಆ ಭಾಗ ಕಿತ್ತು ಸೈಜ್ ಕಲ್ಲಲ್ಲಿ 1:6 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಹಾಕಿ ಕಟ್ಸಿದ್ವಿ. ಮರದ ಅಂಚು ಹಾಕ್ಸೋ ಯೋಚನೆ ಮನೇಲಿತ್ತು, ಗೆದ್ದಲು ಬಿಡಲ್ಲ ಅಂತ ನಾನು ಒಪ್ಲಿಲ್ಲ, ಕಲ್ಲಿಗೆ ನಮ್ಮ ಜಿಲ್ಲೇಲಿ ಬರ ಇಲ್ವಲ್ಲ. ಮೇಲೆ ಚಪ್ಪಡಿ ಕೂರ್ಸಿ ಅದರ ಅಂಚು ಮೊಂಡು ಮಾಡ್ಸಿ, ಇದಂತೂ ಬಿಡಲೇಬೇಡಿ, ಓಡಿ ಬಂದು ಬೀಳೋದು ಅದರ ಮೇಲೇನೇ. ಕಟ್ಟೆ ನೆಲದಿಂದ 8 ಇಂಚು ಎತ್ತರ ಇದ್ರೆ ಅಂಗಳದ ಕೆಸರು ನೀರು ಒಳಗೆ ನುಗ್ಗಲ್ಲ.

ಇನ್ನು ಮರಳು. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಎಂ ಸ್ಯಾಂಡ್ ಮನೆ ಕಟ್ಟೋಕೆ ಒಳ್ಳೇದು, ಆದ್ರೆ ಅದು ಕಲ್ಲು ಪುಡಿ ಮಾಡಿದ್ದು, ಕಣ ಚೂಪು, ಜೊತೆಗೆ ಸಣ್ಣ ಧೂಳು. ಮಕ್ಕಳು ಮುಖ ಹತ್ರ ಇಟ್ಕೊಂಡು ಆಡೋ ವಸ್ತು ಇದು, ಆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗೋದು ಬೇಡ. ಫಿಲ್ಟರ್ ಮರಳು ಅಂತ ಕದ್ದು ಮುಚ್ಚಿ ಮಾರ್ತಾರಲ್ಲ, ಕೆರೆ ಅಂಗಳದ್ದು ಹೊಲದ್ದು ಮಣ್ಣು ತೊಳೆದು ತೆಗೆಯೋದು, ಅದು ಕಾನೂನಿಗೂ ವಿರುದ್ಧ, ಕೆರೆಗಳನ್ನೂ ಹಾಳ್ಮಾಡಿದೆ, ಸಾಲದ್ದಕ್ಕೆ ಜೇಡಿ ಜಾಸ್ತಿ. ಕೆರೆ ನಂಬ್ಕೊಂಡಿರೋ ಜಿಲ್ಲೇಲಿ ಮಕ್ಕಳ ಆಟಕ್ಕೆ ಅಂತ ಅದನ್ನ ತರೋಕೆ ನನಗೆ ಮನಸ್ಸು ಬರ್ಲಿಲ್ಲ. ಪರ್ಮಿಟ್ ಬಿಲ್ ಇರೋ ನದಿ ಮರಳೇ ತಗೊಂಡೆ. ದುಬಾರಿನೇ, ಆದ್ರೆ ಒಂದಡಿ ಆಳಕ್ಕೆ 48 ಘನ ಅಡಿ, ಅಂದ್ರೆ ಹೆಚ್ಚೂಕಮ್ಮಿ 2 ಟನ್ ಸಾಕು.

ತಗೊಳ್ಳೋಕೆ ಮುಂಚೆ ಬಾಟ್ಲಿ ಪರೀಕ್ಷೆ ಮಾಡಿ. ಗಾಜಿನ ಬಾಟ್ಲಿಗೆ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಒಂದೆರಡು ಗಂಟೆ ಅಲ್ಲಾಡಿಸ್ದೆ ಇಡಿ. ಮರಳಿನ ಮೇಲೆ ಕೂರೋ ನುಣುಪಾದ ಮಣ್ಣಿನ ಪದರ ದಪ್ಪ ಇದ್ರೆ ಬೇಡ ಅನ್ನಿ. ತಂದಿದ್ದನ್ನ ಸಾರಣೆ ಮರಳು ಜರಡಿ ಹಿಡಿಯೋ ಸಣ್ಣ ಜರಡೀಲಿ ಹಿಡಿದು, ಡ್ರಮ್ಮಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಪೈಪ್ ಬಿಟ್ಟು ನೀರು ತಿಳಿ ಆಗೋವರ್ಗೂ ತೊಳೆದ್ವಿ, ಆ ನೀರೆಲ್ಲಾ ತೋಟಕ್ಕೇ ಬಿಟ್ವಿ. ತೀರಾ ದಪ್ಪ ಮರಳು ಬೇಡ, ಒದ್ದೆ ಮಾಡಿ ಲೋಟದಲ್ಲಿ ತುಂಬಿ ಬೋರಲು ಹಾಕಿದ್ರೆ ಇಡ್ಲಿ ಹಾಗೆ ನಿಲ್ಬೇಕು, ಇಲ್ಲಾಂದ್ರೆ ಮಕ್ಕಳಿಗೆ ಗೋಪುರ ಕಟ್ಟೋಕಾಗಲ್ಲ.

ಮುಚ್ಚಳ ಕಡ್ಡಾಯ. ತೆರೆದಿಟ್ರೆ ರಾತ್ರಿ ಬೆಕ್ಕು ಬಂದು ಕಕ್ಕ ಮಾಡಿ ಮುಚ್ಚಿ ಹೋಗುತ್ತೆ, ಅದರಿಂದ ಜಂತುಹುಳದ ಮೊಟ್ಟೆ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ನಾಯಿದೂ ಅದೇ ಕಥೆ. ಟಾರ್ಪಾಲ್ ಮುಚ್ಚಿದ್ರೆ ಒಳಗೆ ಬೆವರಿ ಮತ್ತೆ ವಾಸ್ನೆ, ಅದರ ಗುಳಿಗಳಲ್ಲಿ ಮಳೆ ನೀರು ನಿಂತು ಸೊಳ್ಳೆ ಬೇರೆ. ನಾವು ಹಗುರ ಪೈಪಿನ ಎರಡು ಫ್ರೇಮ್ ಮಾಡ್ಸಿ ಶೇಡ್ ನೆಟ್ ಬಿಗಿಯಾಗಿ ಕಟ್ಟಿದೀವಿ, ಮಳೆ ಗಾಳಿ ಆಡುತ್ತೆ, ಬೆಕ್ಕು ಇಳಿಯಲ್ಲ. ಬೆಳಿಗ್ಗೆ ತೆಗೆಯೋವಾಗ ಫ್ರೇಮ್ ಅಡಿ ಒಂದ್ಸಲ ನೋಡಿ, ನಮ್ಮ ಕಡೆ ಚೇಳು ಇಂಥ ಜಾಗದಲ್ಲೇ ಸೇರ್ಕೊಳ್ಳೋದು. ವಾರಕ್ಕೊಂದ್ಸಲ ಕುಂಟೆಯಿಂದ ತಳದವರೆಗೂ ಅಲ್ಲ, ಅರ್ಧ ಅಡಿಯಷ್ಟು ಕೆದಕಿ ಎಲೆ ಕಸ ಆರಿಸಿ ಬಿಸಿಲಿಗೆ ಬಿಡ್ತೀವಿ, ಮ್ಯಾಟಿಗೆ ಹಲ್ಲು ತಾಗ್ಬಾರ್ದು.

ವೀಡ್ ಮ್ಯಾಟ್ ಸಿಗದೇ ಇದ್ರೆ ನೇಯ್ದ ಪ್ಲಾಸ್ಟಿಕ್ ಅಕ್ಕಿ ಚೀಲಗಳನ್ನ ಬಿಚ್ಚಿ ಹೊಲಿದು ಹಾಕ್ಬಹುದು, ಆದ್ರೆ ಕೆಲವು ಚೀಲಕ್ಕೆ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತೆ. ಚೀಲವನ್ನ ಬಕೆಟ್ ಬಾಯಿಗೆ ಕಟ್ಟಿ ಒಂದು ಚೊಂಬು ನೀರು ಹುಯ್ದು ನೋಡಿ, ಕೆಳಗೆ ಇಳಿದ್ರೆ ಮಾತ್ರ ಹಾಕಿ.